ಕಾಲೇಜು ತಪ್ಪಿಸದೆ ತಿಂಗಳ ಖರ್ಚು ದುಡಿಯುವುದು: ಗಂಟೆ ಲೆಕ್ಕದ ಸಮಗ್ರ ಮಾರ್ಗದರ್ಶಿ

ಊರು ಬಿಟ್ಟು ಬೆಂಗಳೂರಿಗೋ ಮೈಸೂರಿಗೋ ಧಾರವಾಡಕ್ಕೋ ಓದಲು ಬಂದವರು ಪಾರ್ಟ್‌ಟೈಮ್ ಕೆಲಸ ಹುಡುಕುವಾಗ ಮೊದಲು ಕೇಳುವುದು "ತಿಂಗಳಿಗೆ ಎಷ್ಟು ಕೊಡ್ತೀರಿ?" ಎಂದು. ಆ ಅಂಕಿಯೊಂದನ್ನೇ ನೋಡಿ ಸೇರಿದವರು ಎರಡು ತಿಂಗಳಲ್ಲಿ ಕೆಲಸವನ್ನೋ ಹಾಜರಾತಿಯನ್ನೋ ಕಳೆದುಕೊಳ್ಳುತ್ತಾರೆ. ಕೆಲಸವನ್ನು ಅಳೆಯಲು ಬೇರೆ ಎರಡು ಪ್ರಶ್ನೆ ಬೇಕು. ರೂಮಿನ ಬಾಗಿಲು ದಾಟಿದ ಕ್ಷಣದಿಂದ ವಾಪಸ್ ಬರುವವರೆಗೆ ಲೆಕ್ಕ ಹಾಕಿದರೆ ಗಂಟೆಗೆ ಕೈಯಲ್ಲಿ ಎಷ್ಟು ಉಳಿಯುತ್ತದೆ? ಪರೀಕ್ಷೆಗೆಂದು ಮೂರು ವಾರ ನಿಲ್ಲಿಸಿದರೆ ಮತ್ತೆ ಕರೆಯುತ್ತಾರೆಯೇ? ಮುಂದಿನ ಲೆಕ್ಕಗಳೆಲ್ಲ ಈ ಎರಡು ಪ್ರಶ್ನೆಗಳ ಮೇಲೆ ನಿಂತಿವೆ.

ಮೊದಲ ಹೆಜ್ಜೆ: ಕೊರತೆ ಎಷ್ಟು?

ಒಂದು ಹಾಳೆ ತೆಗೆದುಕೊಂಡು ತಿಂಗಳ ಖರ್ಚು ಬರೆಯಿರಿ. ಕೆಳಗಿನ ಮೊತ್ತಗಳು ಉದಾಹರಣೆಗೆ ಮಾತ್ರ, ನಿಮ್ಮವನ್ನು ಹಾಕಿಕೊಳ್ಳಿ. ಮೂವರು ಹಂಚಿಕೊಂಡ ಪಿಜಿ, ಬೆಳಗಿನ ತಿಂಡಿ ಮತ್ತು ರಾತ್ರಿ ಊಟ ಸೇರಿ 7,500. ಮಧ್ಯಾಹ್ನದ ಊಟ ಪಿಜಿಯಲ್ಲಿ ಇಲ್ಲವೆಂದಾದರೆ 26 ದಿನಕ್ಕೆ ದಿನಕ್ಕೆ 60ರಂತೆ 1,560. ಮೊಬೈಲ್ 300. ಸೋಪು, ಪೇಸ್ಟು, ಕ್ಷೌರ, ಔಷಧಿ 700. ಜೆರಾಕ್ಸ್, ರೆಕಾರ್ಡ್ ಪುಸ್ತಕ 500. ತಿಂಗಳಿಗೊಮ್ಮೆ ಊರಿಗೆ ಹೋಗಿಬರಲು 800. ಒಟ್ಟು 11,360 ರೂಪಾಯಿ. ಮನೆಯಿಂದ 5,000 ಬರುತ್ತದೆ ಎಂದರೆ ಕೊರತೆ 6,360.

ಎಲ್ಲರೂ ಇಲ್ಲಿಗೆ ನಿಲ್ಲಿಸಿ "ಆರೂವರೆ ಸಾವಿರದ ಕೆಲಸ ಸಿಕ್ಕರೆ ಸಾಕು" ಅನ್ನುತ್ತಾರೆ. ಸಾಕಾಗುವುದಿಲ್ಲ. ಎರಡು ಸೆಮಿಸ್ಟರ್‌ಗಳ ಪರೀಕ್ಷೆಗೆ ವರ್ಷದಲ್ಲಿ ಹತ್ತಿರಹತ್ತಿರ ಎರಡು ತಿಂಗಳು ದುಡಿಮೆ ಇರುವುದಿಲ್ಲ, ಪಿಜಿ ಬಾಡಿಗೆ ಮಾತ್ರ ಹನ್ನೆರಡೂ ತಿಂಗಳು ಇರುತ್ತದೆ. ಹಾಗಾಗಿ 6,360ನ್ನು 12ರಿಂದ ಗುಣಿಸಿ, ಬಂದ 76,320ನ್ನು 10ರಿಂದ ಭಾಗಿಸಿ. ದುಡಿಯುವ ತಿಂಗಳಲ್ಲಿ ನಿಮಗೆ ಬೇಕಾದದ್ದು 7,632. ಗಂಟೆಗೆ ನಿವ್ವಳ 100 ರೂಪಾಯಿ ಉಳಿಯುವ ಕೆಲಸವಾದರೆ ತಿಂಗಳಿಗೆ 76 ಗಂಟೆ, ವಾರಕ್ಕೆ ಹದಿನೇಳೂವರೆ ಗಂಟೆ. ಗಂಟೆಗೆ 65 ಮಾತ್ರ ಉಳಿದರೆ ಅದೇ ಹಣಕ್ಕೆ ವಾರಕ್ಕೆ 27 ಗಂಟೆ ಬೇಕು. ಪೂರ್ಣಾವಧಿ ವಿದ್ಯಾರ್ಥಿ ಮುಗ್ಗರಿಸುವುದು ಈ ಹತ್ತು ಗಂಟೆಯ ಅಂತರದಲ್ಲಿ.

ಕೆಲಸಕ್ಕೆ ಮೊದಲು, ಬರಬೇಕಾದ ಹಣ

ಮೇಲಿನ ಲೆಕ್ಕದಲ್ಲಿ ಖರ್ಚಿನ ಕಡೆಯಿಂದ ಸಾವಿರ ರೂಪಾಯಿ ಇಳಿದರೆ ಹತ್ತು ಗಂಟೆ ನಿದ್ದೆ ಉಳಿದಂತೆ. ಒಂದು ಕಾಲದಲ್ಲಿ ವಾರಾನ್ನ ಮಾಡಿ, ಅಂದರೆ ವಾರದ ಒಂದೊಂದು ದಿನ ಒಂದೊಂದು ಮನೆಯಲ್ಲಿ ಉಂಡು ಓದಿದವರು ಏಳು ಮನೆಗಳನ್ನು ಗೊತ್ತು ಮಾಡಿಕೊಂಡ ಮೇಲೆಯೇ ಪುಸ್ತಕ ತೆಗೆಯುತ್ತಿದ್ದರು. ಈಗ ಆ ಜಾಗದಲ್ಲಿ ಪೋರ್ಟಲ್‌ಗಳಿವೆ.

ಸಮಾಜ ಕಲ್ಯಾಣ ಮತ್ತು ಹಿಂದುಳಿದ ವರ್ಗಗಳ ಕಲ್ಯಾಣ ಇಲಾಖೆಯ ಮೆಟ್ರಿಕ್ ನಂತರದ ಹಾಸ್ಟೆಲ್‌ಗಳಿಗೆ ರಾಜ್ಯ ಹಾಸ್ಟೆಲ್ ಪೋರ್ಟಲ್‌ನಲ್ಲಿ ಅರ್ಜಿ ಹಾಕಬೇಕು. ಸೀಟು ಸಿಕ್ಕರೆ ಊಟ, ವಸತಿ ಎರಡೂ ಉಚಿತ. ಒಂದೇ ತೊಡಕೆಂದರೆ ರಾತ್ರಿ ಗೇಟು ಹಾಕುವ ಹೊತ್ತು. ಹಾಸ್ಟೆಲ್‌ನಲ್ಲಿದ್ದು ರಾತ್ರಿ ಹನ್ನೊಂದರವರೆಗಿನ ಕೆಲಸ ಒಪ್ಪಿಕೊಳ್ಳಬೇಡಿ, ಸೀಟು ಹೋಗುತ್ತದೆ.

ಹಾಸ್ಟೆಲ್ ಸಿಗದ ಹಿಂದುಳಿದ ವರ್ಗಗಳ ವಿದ್ಯಾರ್ಥಿಗಳಿಗೆ ವಿದ್ಯಾಸಿರಿ ಯೋಜನೆಯಲ್ಲಿ ತಿಂಗಳಿಗೆ 1,500ರಂತೆ 10 ತಿಂಗಳು, ಒಟ್ಟು 15,000 ರೂಪಾಯಿ ಊಟ-ವಸತಿ ನೆರವು ಇದೆ. ಗಂಟೆಗೆ 100ರ ಲೆಕ್ಕದಲ್ಲಿ ಇದು 150 ಗಂಟೆಗಳ ದುಡಿಮೆ. ಇದು ಬಂದರೆ ವಾರಕ್ಕೆ ಹದಿನೇಳೂವರೆ ಬದಲು ಹದಿನಾಲ್ಕು ಗಂಟೆ ದುಡಿದರೆ ಸಾಕು. ರೈತರ ಮಕ್ಕಳಿಗೆ ಬೇರೆಯಾಗಿ ರೈತ ವಿದ್ಯಾನಿಧಿ ಇದೆ.

ರಾಜ್ಯ ವಿದ್ಯಾರ್ಥಿವೇತನ ಪೋರ್ಟಲ್ ಎಸ್‌ಎಸ್‌ಪಿಯಲ್ಲಿ ಅರ್ಜಿ ಮಂಜೂರಾದ ಮೇಲೂ ಹಣ ಬಾರದಿರಲು ಬಹುತೇಕ ಕಾರಣ ಒಂದೇ: ಬ್ಯಾಂಕ್ ಖಾತೆ ಆಧಾರ್‌ಗೆ ಜೋಡಣೆ ಆಗಿರುವುದಿಲ್ಲ, ಅಥವಾ ಯಾವಾಗಲೋ ತೆರೆದು ಮರೆತ ಬೇರೊಂದು ಖಾತೆಗೆ ಜೋಡಣೆ ಆಗಿರುತ್ತದೆ. ಬ್ಯಾಂಕ್‌ಗೆ ಆಧಾರ್ ಪ್ರತಿ ಕೊಟ್ಟದ್ದು ಸಾಲದು. "ಡಿಬಿಟಿಗೆ ಎನ್‌ಪಿಸಿಐ ಮ್ಯಾಪಿಂಗ್ ಮಾಡಿ" ಎಂದು ಬ್ಯಾಂಕ್‌ನಲ್ಲಿ ಇದೇ ಮಾತಿನಲ್ಲಿ ಕೇಳಬೇಕು; ಸರ್ಕಾರದ ಹಣ ನೇರವಾಗಿ ಯಾವ ಖಾತೆಗೆ ಬರಬೇಕೆಂದು ಆಧಾರ್‌ಗೆ ಗುರುತು ಹಾಕುವುದು ಇದು. ಎರಡನೆಯ ಕಾರಣ ಹೆಸರಿನ ಇನಿಷಿಯಲ್: ಅಂಕಪಟ್ಟಿಯಲ್ಲಿ ಒಂದು, ಆಧಾರ್‌ನಲ್ಲಿ ಇನ್ನೊಂದು. ಜಾತಿ-ಆದಾಯ ಪ್ರಮಾಣಪತ್ರದ ಆರ್‌ಡಿ ಸಂಖ್ಯೆಯನ್ನು (ಪತ್ರದ ಮೇಲೆ RD ಎಂದು ಶುರುವಾಗುವ ಸಂಖ್ಯೆ) ಅರ್ಜಿಗೆ ಮೊದಲೇ ತೆಗೆದಿಟ್ಟುಕೊಳ್ಳಿ. ಕೊನೆಯ ದಿನ ನಾಡಕಚೇರಿಗೆ ಓಡಿ ಪ್ರಯೋಜನವಿಲ್ಲ.

ಯುವನಿಧಿಯ ಬಗ್ಗೆ ಆಗಾಗ ಕೇಳುತ್ತಾರೆ. ಅದು ಓದು ಮುಗಿಸಿ ಕೆಲಸ ಸಿಗದವರಿಗೆ, ಓದುತ್ತಿರುವವರಿಗಲ್ಲ.

ಇನ್ನು ದಿನನಿತ್ಯದ್ದು. ಶಕ್ತಿ ಯೋಜನೆ 2023ರ ಜೂನ್ 11ರಿಂದ ಜಾರಿಯಲ್ಲಿದೆ. ರಾಜ್ಯದ ವಿದ್ಯಾರ್ಥಿನಿಯರಿಗೆ ಸಾಮಾನ್ಯ ಸರ್ಕಾರಿ ಬಸ್ಸು ಉಚಿತ. ಹುಡುಗರು ವಿದ್ಯಾರ್ಥಿ ಪಾಸ್ ಮಾಡಿಸಲಿ, ಆದರೆ ಪಾಸಿನ ಮಾರ್ಗ ಮನೆ-ಕಾಲೇಜಿನದು. ಕೆಲಸದ ಜಾಗ ಆ ಮಾರ್ಗದಲ್ಲೇ ಇದ್ದರೆ ಆ ಖರ್ಚೂ ಉಳಿಯುತ್ತದೆ. ಇಂದಿರಾ ಕ್ಯಾಂಟೀನಿನಲ್ಲಿ 5 ರೂಪಾಯಿಗೆ ತಿಂಡಿ, 10ಕ್ಕೆ ಊಟ. ಕಾಲೇಜಿನ ಹತ್ತಿರ ಒಂದಿದ್ದರೆ ಮೇಲಿನ ಪಟ್ಟಿಯ 1,560 ರೂಪಾಯಿಯ ಮಧ್ಯಾಹ್ನದ ಊಟ 260ಕ್ಕೆ ಮುಗಿಯಿತು. ತಡವಾಗಿ ಹೋದರೆ ಮುಗಿದಿರುತ್ತದೆ, ಅದೊಂದೇ.

ನಿಮ್ಮ ಹತ್ತಿರ ನಿಜಕ್ಕೂ ಎಷ್ಟು ಗಂಟೆ ಇದೆ?

ವಾರಕ್ಕೆ 168 ಗಂಟೆ. ದಿನಕ್ಕೆ ಏಳರಂತೆ ನಿದ್ದೆಗೆ 49, ಕಾಲೇಜಿಗೆ ಆರು ದಿನ ಆರು ಗಂಟೆಯಂತೆ 36, ಓಡಾಟಕ್ಕೆ 9, ಸ್ನಾನ-ಊಟ-ಬಟ್ಟೆ ಒಗೆಯುವುದಕ್ಕೆ 17.5, ಓದಿಗೆ ದಿನಕ್ಕೆ ಮೂರು ಗಂಟೆಯಂತೆ 21. ಉಳಿದದ್ದು 35.5. ಇದರಲ್ಲಿ ಅರ್ಧ, ಅಂದರೆ 18 ಗಂಟೆ ಕೆಲಸಕ್ಕೆ ಮಿತಿ. ಇನ್ನರ್ಧ ಎಲ್ಲಿ ಹೋಗುತ್ತದೆ ಎಂದು ಕೇಳಬೇಡಿ; ಜ್ವರ, ಅಸೈನ್‌ಮೆಂಟ್, ಬಾರದ ಬಸ್ಸು, ಮನೆಯಿಂದ ಫೋನು ಸೇರಿ ಅದನ್ನು ತಿಂದು ಮುಗಿಸುತ್ತವೆ.

ಹಾಜರಾತಿಯ ಲೆಕ್ಕ ಇದಕ್ಕಿಂತ ಗಟ್ಟಿ. ಹೆಚ್ಚಿನ ಪದವಿ ಕಾಲೇಜುಗಳಲ್ಲಿ ಶೇ 75 ಬೇಕು. ಎಂಜಿನಿಯರಿಂಗ್ ಕಾಲೇಜುಗಳ ವಿಟಿಯು ನಿಯಮದಲ್ಲಿ ಶೇ 85. ಸರಿಯಾದ ಕಾರಣವಿದ್ದರೆ ಶೇ 10ರಷ್ಟು ರಿಯಾಯಿತಿ. ಎಡವುವ ಜಾಗ ಯಾವುದೆಂದರೆ, ಒಟ್ಟು ಹಾಜರಾತಿ ಚೆನ್ನಾಗಿದ್ದರೂ ಒಂದು ವಿಷಯದಲ್ಲಿ ಬಿದ್ದುಹೋಗುವುದು. ವಾರಕ್ಕೆ ನಾಲ್ಕು ತರಗತಿಯ ವಿಷಯ 15 ವಾರಕ್ಕೆ 60 ತರಗತಿ ಆಗುತ್ತದೆ. ಶೇ 75 ನಿಯಮದಲ್ಲಿ ತಪ್ಪಿಸಬಹುದಾದದ್ದು 15. ಭಾನುವಾರ ರಾತ್ರಿ ಕೆಲಸ ಮಾಡಿ ಪ್ರತಿ ಸೋಮವಾರ ಮೊದಲ ತರಗತಿಗೆ ಏಳದಿದ್ದರೆ, ಬೇರೇನೂ ತಪ್ಪಿಸದೆಯೇ ಆ 15 ಖಾಲಿ. ಆಮೇಲೆ ಒಂದು ಜ್ವರ ಬಂದರೂ ಹಾಲ್ ಟಿಕೆಟ್‌ಗೆ ತೊಂದರೆ. ಆದ್ದರಿಂದ ಕೆಲಸ ಹುಡುಕುವ ಮೊದಲು ವೇಳಾಪಟ್ಟಿ ಮುಂದಿಟ್ಟುಕೊಂಡು, ಯಾವ ದಿನದ ಮೊದಲ ತರಗತಿ ಯಾವುದು, ಲ್ಯಾಬ್ ಯಾವ ಮಧ್ಯಾಹ್ನ ಎಂದು ಗುರುತು ಹಾಕಿ. ಲ್ಯಾಬ್ ದಿನ ಸಂಜೆ ಐದಕ್ಕೆ ಹಾಜರಾಗುತ್ತೇನೆಂದು ಯಾರಿಗೂ ಮಾತು ಕೊಡಬೇಡಿ.

ಗಂಟೆಯ ನಿಜವಾದ ಕೂಲಿ

ಸೂತ್ರ ಸರಳ. ಬರುವ ಹಣದಲ್ಲಿ ಕೆಲಸಕ್ಕಾಗಿಯೇ ಆಗುವ ಖರ್ಚು ಕಳೆಯಿರಿ: ಪೆಟ್ರೋಲ್, ಬಸ್ಸು, ಯೂನಿಫಾರ್ಮ್, ಅಲ್ಲಿ ತಿನ್ನುವ ತಿಂಡಿ. ಉಳಿದದ್ದನ್ನು ಒಟ್ಟು ಗಂಟೆಯಿಂದ ಭಾಗಿಸಿ: ಕೆಲಸ, ಓಡಾಟ, ಕಾಯುವುದು, ತಯಾರಿ ಎಲ್ಲ ಸೇರಿಸಿ.

ಒಂದು ಮನೆಪಾಠ ನೋಡಿ. ತಿಂಗಳಿಗೆ 20 ದಿನ, ದಿನಕ್ಕೆ ಒಂದು ಗಂಟೆ, 4,000 ರೂಪಾಯಿ. ಮೇಲ್ನೋಟಕ್ಕೆ ಗಂಟೆಗೆ 200. ಆದರೆ ಹೋಗಲು 20 ನಿಮಿಷ, ಬರಲು 20 ನಿಮಿಷ ಎಂದರೆ ತಿಂಗಳಿಗೆ ಇನ್ನೂ 13 ಗಂಟೆ ಸೇರಿ ಕೂಲಿ 120ಕ್ಕೆ ಇಳಿಯಿತು. ಅದೇ ಬೀದಿಯಲ್ಲಿ ಎರಡನೆಯ ಮನೆ ಹಿಡಿದರೆ ಓಡಾಟ ಎರಡಕ್ಕೂ ಹಂಚಿಹೋಗಿ ಗಂಟೆಗೆ 150 ಆಗುತ್ತದೆ. ಇದರ ಪಾಠ: ಹೆಚ್ಚು ಫೀಸಿನ ದೂರದ ಮನೆಗಿಂತ ಪಕ್ಕದ ಬೀದಿಯ ಎರಡು ಮನೆ ಲಾಭ.

ಮನೆಪಾಠ: ಎಲ್ಲದಕ್ಕಿಂತ ಮೊದಲು ಪ್ರಯತ್ನಿಸಬೇಕಾದದ್ದು

ಹಣಕ್ಕಿಂತ ದೊಡ್ಡ ಅನುಕೂಲ ಇಲ್ಲಿ ಕ್ಯಾಲೆಂಡರಿನದು. ಶಾಲೆಯ ಮಕ್ಕಳ ಒತ್ತಡ ನವೆಂಬರ್‌ನಿಂದ ಮಾರ್ಚ್‌ವರೆಗೆ, ನಿಮ್ಮ ಸಮ ಸೆಮಿಸ್ಟರ್ ಪರೀಕ್ಷೆಗಳು ಸಾಮಾನ್ಯವಾಗಿ ಬೇಸಿಗೆ ಕಳೆಯುವ ಹೊತ್ತಿಗೆ. ಆಗ ಮಕ್ಕಳಿಗೆ ರಜೆ, ಇಲ್ಲವೇ ಶಾಲೆ ಆಗಷ್ಟೇ ತೆರೆದಿರುತ್ತದೆ. ಬೆಸ ಸೆಮಿಸ್ಟರ್ ಮಾತ್ರ ಡಿಸೆಂಬರ್-ಜನವರಿಯಲ್ಲಿ ಅಡ್ಡ ಬರುತ್ತದೆ. ಆ ಮೂರು ವಾರಕ್ಕೆ ಒಬ್ಬ ಸಹಪಾಠಿಯನ್ನು ಬದಲಿಯಾಗಿ ಕಳಿಸುವ ಒಪ್ಪಂದ ಮೊದಲೇ ಮಾಡಿಕೊಳ್ಳಿ.

ಮನೆ ಹುಡುಕಲು ಆ್ಯಪ್‌ಗಳಿಗಿಂತ ಬಡಾವಣೆಯ ಸ್ಟೇಷನರಿ ಅಂಗಡಿ, ಅಪಾರ್ಟ್‌ಮೆಂಟ್‌ನ ಭದ್ರತಾ ಸಿಬ್ಬಂದಿ, ನಿಮ್ಮ ಪಿಜಿ ಮಾಲೀಕರ ಪರಿಚಯ ವೇಗವಾಗಿ ಕೆಲಸ ಮಾಡುತ್ತವೆ. ಟ್ಯೂಷನ್ ಏಜೆನ್ಸಿಗಳು ಸಾಮಾನ್ಯವಾಗಿ ಮೊದಲ ತಿಂಗಳ ಫೀಸಿನ ದೊಡ್ಡ ಪಾಲು ಕೇಳುತ್ತವೆ. ಪಾಲು ಮೊದಲ ಫೀಸು ಬಂದ ಮೇಲೆ ಕೊಡುವುದಾದರೆ ಸರಿ. ಮನೆ ತೋರಿಸುವ ಮೊದಲೇ ಕೇಳಿದರೆ ಬಿಡಿ.

ಯಾವ ವಿಷಯ? "ಎಲ್ಲ ವಿಷಯ ಹೇಳಿಕೊಡುತ್ತೇನೆ" ಎಂದವರಿಗೆ ಹೋಂವರ್ಕ್ ಮಾಡಿಸುವ ಕೂಲಿ ಸಿಗುತ್ತದೆ. "ಎಸ್ಸೆಸ್ಸೆಲ್ಸಿ ಗಣಿತ" ಎಂದು ಒಂದನ್ನೇ ಹಿಡಿದವರಿಗೆ ಪಾಠದ ಕೂಲಿ. ಬೆಂಗಳೂರಿನಲ್ಲಿ ಕನ್ನಡಕ್ಕೂ ಬೇಡಿಕೆಯಿದೆ: ಸಿಬಿಎಸ್‌ಇ ಮತ್ತು ಐಸಿಎಸ್‌ಇ ಶಾಲೆಗಳಲ್ಲಿ ಎರಡನೆಯ ಅಥವಾ ಮೂರನೆಯ ಭಾಷೆಯಾಗಿ ಕನ್ನಡ ಓದುವ, ಮನೆಯಲ್ಲಿ ಕನ್ನಡ ಮಾತನಾಡದ ಮಕ್ಕಳು ಸಾಕಷ್ಟಿದ್ದಾರೆ. ಕಾಗುಣಿತ, ಒತ್ತಕ್ಷರ ಕಲಿಸುವ ತಾಳ್ಮೆಯಿದ್ದರೆ ಹಾಸನ, ಕೊಪ್ಪಳದಿಂದ ಬಂದವರಿಗೆ ಇದು ಕೈಯಲ್ಲೇ ಇರುವ ಬಂಡವಾಳ. ಕಲಾ ವಿಭಾಗದವರು ಟ್ಯೂಷನ್ ತಮ್ಮದಲ್ಲ ಎಂದುಕೊಂಡು ಇದನ್ನು ಬಿಟ್ಟುಬಿಡುತ್ತಾರೆ.

ಮಾತುಕತೆಯಲ್ಲಿ ಮೂರು ವಿಷಯ ಮೊದಲ ದಿನವೇ ಮುಗಿಸಿ. ಫೀಸು ತಿಂಗಳ ಮೊದಲ ವಾರವೋ ಕೊನೆಯ ವಾರವೋ. ಮಗು ಮದುವೆಗೆಂದು ಐದು ದಿನ ಊರಿಗೆ ಹೋದರೆ ಫೀಸು ಕಡಿತವೇ (ನೀವು ಬಾರದ ದಿನಕ್ಕೆ ಬದಲಿ ದಿನ, ಅವರು ಬಾರದ ದಿನಕ್ಕೆ ಕಡಿತವಿಲ್ಲ ಎಂಬುದು ನ್ಯಾಯ). ಅಣ್ಣನ ಪಾಠಕ್ಕೆ ತಂಗಿಯೂ ಪುಸ್ತಕ ಹಿಡಿದು ಬಂದು ಕುಳಿತರೆ ಫೀಸು ಎಷ್ಟು. ಈ ಮೂರನೆಯದು ತಮಾಷೆಯಲ್ಲ, ಎರಡನೆಯ ವಾರದಲ್ಲೇ ಆಗುತ್ತದೆ.

ಮದುವೆ ಊಟ ಬಡಿಸುವುದು

ಮೈಸೂರು, ಬೆಂಗಳೂರು, ಮಂಗಳೂರಿನ ಕೇಟರಿಂಗ್‌ನವರು ಬಡಿಸಲು ಕಾಲೇಜು ಹುಡುಗರನ್ನೇ ನೆಚ್ಚಿಕೊಂಡಿರುತ್ತಾರೆ. ಮೇಲ್ವಿಚಾರಕ ವಾಟ್ಸ್‌ಆ್ಯಪ್ ಗುಂಪಿನಲ್ಲಿ ಛತ್ರ, ಹೊತ್ತು, ಎಷ್ಟು ಜನ ಬೇಕು ಎಂದು ಹಾಕುತ್ತಾನೆ. ಹೆಸರು ಕೊಟ್ಟವರಿಗೆ ಕೆಲಸ. ಕೂಲಿ ಒಂದು ಊಟಕ್ಕೆ ಇಷ್ಟು ಎಂದು. ಸಂಜೆ ಆರತಕ್ಷತೆ ಮತ್ತು ಮರುದಿನ ಮುಹೂರ್ತ ಎರಡನ್ನೂ ಹಿಡಿದು ರಾತ್ರಿ ಛತ್ರದಲ್ಲೇ ಮಲಗುವವರಿಗೆ ಓಡಾಟ ಒಂದೇ ಸಲ, ಗಂಟೆಯ ಕೂಲಿ ಏರುತ್ತದೆ. ಬರೀ ಆರತಕ್ಷತೆ ಹಿಡಿದರೆ ರಾತ್ರಿ ಹನ್ನೊಂದಕ್ಕೆ ಬಿಡುತ್ತಾರೆ, ಕೊನೆಯ ಬಸ್ಸು ಹೋಗಿರುತ್ತದೆ, ಆಟೊಗೆ ಕೊಟ್ಟರೆ ಕೂಲಿಯ ಅರ್ಧ ಅಲ್ಲಿಗೆ. ಎರಡು ಹೊತ್ತಿನ ಊಟ ಉಚಿತ ಎಂಬುದನ್ನೂ ಲೆಕ್ಕಕ್ಕೆ ಸೇರಿಸಿ, ನಾಚಿಕೆಯಿಲ್ಲ.

ಬೇಕಾದದ್ದು ಕಪ್ಪು ಪ್ಯಾಂಟ್, ಬಿಳಿ ಅಂಗಿ, ಜಾರದ ಅಡಿಯ ಕಪ್ಪು ಶೂ. ಶೂ ವಿಷಯದಲ್ಲಿ ಜಿಪುಣತನ ಬೇಡ. ಸಾರು ಚೆಲ್ಲಿದ ನೆಲದ ಮೇಲೆ ಬಕೆಟ್ ಹಿಡಿದು ನಡೆಯುವ ಕೆಲಸ ಇದು. ಎಲೆಯ ತುದಿ ಉಣ್ಣುವವರ ಎಡಕ್ಕೆ, ಉಪ್ಪು-ಉಪ್ಪಿನಕಾಯಿ-ಕೋಸಂಬರಿ-ಪಲ್ಯ ಮೇಲಿನ ಅರ್ಧಕ್ಕೆ, ಅನ್ನ ಕೆಳಗಿನ ಅರ್ಧಕ್ಕೆ. ಹೊಸಬರಿಗೆ ಮೊದಲು ನೀರು, ಉಪ್ಪು, ಹಪ್ಪಳ ಕೊಡುತ್ತಾರೆ. ಬಿಸಿ ಸಾರು, ತುಪ್ಪ, ಸಿಹಿ ಬಡಿಸುವವರು ಹಳಬರು. ಸಿಹಿಯ ತಟ್ಟೆ ಹಿಡಿದವನ ಮೇಲೆ ಮೇಲ್ವಿಚಾರಕನ ಕಣ್ಣು ಸದಾ ಇರುತ್ತದೆ, ಏಕೆಂದರೆ ಎಣಿಸಿ ತಂದಿರುವುದು ಅದೊಂದೇ. ಮೊದಲ ಪಂಕ್ತಿಯಲ್ಲಿ ಕೈಬಿಚ್ಚಿ ಬಡಿಸಿದರೆ ಮೂರನೆಯ ಪಂಕ್ತಿಗೆ ಕಡಿಮೆ ಬೀಳುತ್ತದೆ, ಬೈಗುಳ ನಿಮಗೆ.

ಈ ಕೆಲಸದ ನಿಜವಾದ ದೋಷ ಪಂಚಾಂಗ. ಆಷಾಢದಲ್ಲಿ, ಪಿತೃಪಕ್ಷದಲ್ಲಿ, ಡಿಸೆಂಬರ್ ನಡುವಿಂದ ಸಂಕ್ರಾಂತಿಯವರೆಗಿನ ಧನುರ್ಮಾಸದಲ್ಲಿ ಮದುವೆಗಳಿಲ್ಲ. ಅಧಿಕಮಾಸದಲ್ಲಿಯೂ ಇಲ್ಲ, 2026ರಲ್ಲಿ ಅಧಿಕ ಜ್ಯೇಷ್ಠ ಮೇ 17ರಿಂದ ಜೂನ್ 15ರವರೆಗೆ ಬೀಳುತ್ತದೆ, ಅಂದರೆ ಸೀಸನ್ನಿನ ಒಳ್ಳೆಯ ತಿಂಗಳೊಂದು ಖಾಲಿ. ಹಾಗಾಗಿ ಬಡಿಸುವ ಕೆಲಸವನ್ನು ಬಾಡಿಗೆಗೆ ಆಧಾರ ಮಾಡಿಕೊಳ್ಳಬೇಡಿ. ಟ್ಯೂಷನ್‌ನಿಂದ ಬಾಡಿಗೆ, ಮದುವೆ ಸೀಸನ್ನಿನಿಂದ ಪರೀಕ್ಷೆ ಶುಲ್ಕ ಮತ್ತು ಪರೀಕ್ಷೆ ತಿಂಗಳ ಖರ್ಚು ಎಂದು ಬೇರ್ಪಡಿಸುವುದು ಸರಿಯಾದ ಜೋಡಿ. ಕೂಲಿ ಆ ರಾತ್ರಿಯೇ ಕೈಗೆ ಬರಬೇಕು. "ಮೂರು ಮದುವೆ ಸೇರಿಸಿ ಕೊಡ್ತೀನಿ" ಎಂದರೆ ಎರಡಕ್ಕೆ ನಿಲ್ಲಿಸಿ ಕೇಳಿ.

ಡೆಲಿವರಿ: ಲೆಕ್ಕ ತಪ್ಪುವ ಜಾಗ

ಸಂದರ್ಶನವಿಲ್ಲ, ಬೇಕಾದಾಗ ಲಾಗಿನ್, ವಾರಕ್ಕೊಮ್ಮೆ ಹಣ. ಅದಕ್ಕೇ ಎಲ್ಲರೂ ಇಲ್ಲಿಗೆ ಬರುತ್ತಾರೆ. ಒಂದು ಸಂಜೆಯ ಲೆಕ್ಕ ಹಾಕೋಣ: ಐದು ಗಂಟೆ, 70 ಕಿಲೋಮೀಟರ್, ಆ್ಯಪ್ ತೋರಿಸುವ ಗಳಿಕೆ 550. ಲೀಟರ್‌ಗೆ 103 ರೂಪಾಯಿ, ಟ್ರಾಫಿಕ್‌ನಲ್ಲಿ 45 ಮೈಲೇಜ್ ಎಂದರೆ ಪೆಟ್ರೋಲ್ 160. ಟೈರು, ಚೈನು, ಬ್ರೇಕು, ಆಯಿಲ್‌ಗೆ ಕಿಲೋಮೀಟರಿಗೆ 80 ಪೈಸೆ ಎತ್ತಿಟ್ಟರೆ 56. ಉಳಿದದ್ದು 334. ಗಂಟೆಗೆ 67. ಆ 56 ರೂಪಾಯಿಯನ್ನು ಯಾರೂ ಎತ್ತಿಡುವುದಿಲ್ಲ. ನಾಲ್ಕನೆಯ ತಿಂಗಳಲ್ಲಿ ಟೈರೂ ಚೈನೂ ಒಟ್ಟಿಗೆ ಹೋದಾಗ "ಈ ತಿಂಗಳು ಏನೂ ಉಳೀಲಿಲ್ಲ" ಅನ್ನುತ್ತಾರೆ. ಉಳಿದಿರಲಿಲ್ಲ ನಿಜ, ಹಿಂದಿನ ಮೂರು ತಿಂಗಳೂ ಉಳಿದಿರಲಿಲ್ಲ.

ಸ್ವಂತ ಬೈಕ್ ಇಲ್ಲದವರು ಬ್ಯಾಟರಿ ಗಾಡಿ ಬಾಡಿಗೆಗೆ ಹಿಡಿಯುತ್ತಾರೆ. ಗಂಟೆಗೆ 25 ಕಿಲೋಮೀಟರ್ ಮೀರದ ಕಡಿಮೆ ವೇಗದ ಗಾಡಿಗೆ ಡ್ರೈವಿಂಗ್ ಲೈಸೆನ್ಸ್, ನೋಂದಣಿ ಬೇಡ. ವಾರದ ಬಾಡಿಗೆ ಮಾತ್ರ ನೀವು ಓಡಿಸಿದರೂ ಓಡಿಸದಿದ್ದರೂ ಓಡುತ್ತದೆ. ವಾರಕ್ಕೆ ಎರಡೇ ದಿನ ದುಡಿಯುವವರಿಗೆ ಅದು ನಷ್ಟ. ದಿನ ಲೆಕ್ಕದಲ್ಲಿ ಸಿಗುವುದೇ ಎಂದು ನೋಡಿ.

ಇನ್ಶೂರೆನ್ಸ್ ಗಮನಿಸಿ. ಖಾಸಗಿ ಬಳಕೆಯ ಪಾಲಿಸಿ ಇರುವ ಬೈಕ್ ಡೆಲಿವರಿ ವೇಳೆ ಅಪಘಾತಕ್ಕೆ ಸಿಕ್ಕರೆ ಕಂಪನಿ ಕ್ಲೇಮ್‌ಗೆ ತಕರಾರು ತೆಗೆಯಬಹುದು. ರಾಜ್ಯ ಸರ್ಕಾರದ ಗಿಗ್ ಕಾರ್ಮಿಕರ (ಹೀಗೆ ಆ್ಯಪ್ ಮೂಲಕ ದುಡಿಯುವವರ) ವಿಮಾ ಯೋಜನೆಯಲ್ಲಿ 2 ಲಕ್ಷದ ಜೀವ ವಿಮೆ, 2 ಲಕ್ಷದ ಅಪಘಾತ ವಿಮೆ ಇದೆ, ಕಂತು ಕಟ್ಟಬೇಕಿಲ್ಲ. ಕೇಂದ್ರ ಸರ್ಕಾರದ ಇ-ಶ್ರಮ್ ಪೋರ್ಟಲ್‌ನಲ್ಲಿ ಪ್ಲಾಟ್‌ಫಾರ್ಮ್ ಕಾರ್ಮಿಕ ಎಂದು ನೋಂದಣಿಯಾಗಿರಬೇಕು. 2025ರ ಕರ್ನಾಟಕದ ಗಿಗ್ ಕಾರ್ಮಿಕರ ಕಾಯ್ದೆಯ ಪ್ರಕಾರ ಕಾರಣ ಬರೆದು, 14 ದಿನ ಮುಂಚೆ ತಿಳಿಸದೆ ಕಂಪನಿ ನಿಮ್ಮನ್ನು ತೆಗೆಯುವಂತಿಲ್ಲ. ಐಡಿ ಬ್ಲಾಕ್ ಆದರೆ ಸ್ಕ್ರೀನ್‌ಶಾಟ್ ತೆಗೆದಿಟ್ಟುಕೊಂಡು ಈ ನಿಯಮ ಎತ್ತಿ ದೂರು ಬರೆಯಿರಿ.

ಗೆಳೆಯನ ಐಡಿಯಲ್ಲಿ ಓಡಿಸುವುದು ಎಲ್ಲ ಪಿಜಿಗಳಲ್ಲೂ ನಡೆಯುತ್ತದೆ. ಅಪಘಾತವಾದರೆ ವಿಮೆ ಅವನಿಗೂ ಇಲ್ಲ, ನಿಮಗೂ ಇಲ್ಲ. ಡೆಲಿವರಿಯ ಒಂದೇ ದೊಡ್ಡ ಗುಣ, ಪರೀಕ್ಷೆಗೆ ಯಾರ ಅಪ್ಪಣೆಯೂ ಇಲ್ಲದೆ ನಿಲ್ಲಿಸಬಹುದು ಎಂಬುದು. ಅದಕ್ಕಾಗಿ ಇದನ್ನು ಎರಡನೆಯ ಕೆಲಸವಾಗಿ, ಶನಿವಾರ-ಭಾನುವಾರದ ಊಟದ ಹೊತ್ತಿನ ಮೂರು ಗಂಟೆಗೆ ಮಾತ್ರ ಇಟ್ಟುಕೊಳ್ಳಿ. ಕಾಯುವ ಹೊತ್ತು ಕಡಿಮೆಯಾಗಿ ಕೂಲಿ ಏರುತ್ತದೆ.

ಅಂಗಡಿ, ಫಾಸ್ಟ್ ಫುಡ್, ಪೇಪರ್

ಮಾಲ್‌ನ ತಿಂಡಿ ಅಂಗಡಿಗಳಲ್ಲಿ ನಾಲ್ಕೈದು ಗಂಟೆಯ ಪಾಳಿ ಸಿಗುತ್ತದೆ. ಸಂಬಳ 6,000 ಎಂದು ಹೇಳಿದರೆ ಪಿಎಫ್ ಶೇ 12 ಅಂದರೆ 720, ಇಎಸ್‌ಐ ಶೇ 0.75 ಅಂದರೆ 45 ಕಳೆದು ಕೈಗೆ 5,235 ಬರಬಹುದು. ಇದು ಮೋಸವಲ್ಲ, ಪಿಎಫ್ ಹಣ ನಿಮ್ಮ ಯುಎಎನ್ (ಕೆಲಸ ಬದಲಾದರೂ ಬದಲಾಗದ ಪಿಎಫ್ ಸಂಖ್ಯೆ) ಖಾತೆಯಲ್ಲಿ ಕೂರುತ್ತದೆ, ಇಎಸ್‌ಐ ಆಸ್ಪತ್ರೆಯ ಹಕ್ಕೂ ಬರುತ್ತದೆ. ಮೋಸ ಯಾವುದೆಂದರೆ ಕಡಿತ ಮಾಡಿಯೂ ಕಟ್ಟದಿರುವುದು. ಎರಡನೆಯ ತಿಂಗಳು ಪಿಎಫ್ ಪಾಸ್‌ಬುಕ್ ನೋಡಿ. ಮುಂದಿನ ಕೆಲಸದಲ್ಲೂ ಅದೇ ಯುಎಎನ್ ಕೊಡಿ, ಹೊಸದು ಮಾಡಿಸಿದರೆ ಹಳೆಯ ಹಣ ತೆಗೆಯುವುದು ತಲೆನೋವು.

ಇಲ್ಲಿ ಜಗಳ ಬರುವುದು ಪಾಳಿ ಪಟ್ಟಿಯ ಮೇಲೆ. "ಇವತ್ತು ಒಬ್ಬರು ಬಂದಿಲ್ಲ, ಎರಡು ಗಂಟೆ ಹೆಚ್ಚು ನಿಲ್ಲು" ಎಂಬುದು ವಾರಕ್ಕೆ ಮೂರು ಸಲ ಆದರೆ ನಿಮ್ಮ 18 ಗಂಟೆ 24 ಆಗಿರುತ್ತದೆ. ಸೇರುವಾಗಲೇ ತರಗತಿಯ ವೇಳಾಪಟ್ಟಿಯ ಪ್ರತಿ ಮ್ಯಾನೇಜರ್ ಕೈಗೆ ಕೊಟ್ಟು, ಅದನ್ನು ವಾಟ್ಸ್‌ಆ್ಯಪ್‌ನಲ್ಲೂ ಕಳಿಸಿ. ಕನಿಷ್ಠ ಕೂಲಿಯ ಪಟ್ಟಿಯನ್ನು ಕಾರ್ಮಿಕ ಇಲಾಖೆ ಉದ್ಯೋಗವಾರು ಪ್ರಕಟಿಸುತ್ತದೆ, ತುಟ್ಟಿಭತ್ಯೆ ಪ್ರತಿ ಏಪ್ರಿಲ್ 1ಕ್ಕೆ ಬದಲಾಗುತ್ತದೆ. ದಿನಗೂಲಿಯನ್ನು 8ರಿಂದ ಭಾಗಿಸಿ ನಿಮ್ಮ ಗಂಟೆಯ ಕೂಲಿಗೆ ಹೋಲಿಸಿ. ಕಡಿಮೆಯಿದ್ದರೆ ಕಾರ್ಮಿಕ ನಿರೀಕ್ಷಕರ ಕಚೇರಿಗೆ ದೂರು ಕೊಡಬಹುದು.

ಪೇಪರ್ ಹಾಕುವುದು ಬೆಳಗಿನ ನಾಲ್ಕೂವರೆಯಿಂದ ಆರೂವರೆಯ ಕೆಲಸ. ಸಂಜೆ ಪೂರ್ತಿ ನಿಮ್ಮದೇ, ಹಾಜರಾತಿಗೆ ಧಕ್ಕೆಯಿಲ್ಲ, ಸೈಕಲ್ ಇದ್ದರೆ ಸಾಕು. ರಾತ್ರಿ ಒಂಬತ್ತೂವರೆಗೆ ಮಲಗಲು ಪಿಜಿಯ ಗದ್ದಲ ಬಿಡುವುದಾದರೆ ಮಾತ್ರ ಒಪ್ಪಿಕೊಳ್ಳಿ. ಪತ್ರಿಕೆ ಬಾರದ ರಜೆಗಳು ವರ್ಷಕ್ಕೆ ಬೆರಳೆಣಿಕೆ, ಆದ್ದರಿಂದ ಊರಿಗೆ ಹೋಗುವಾಗ ಬದಲಿ ಹುಡುಗ ಬೇಕೇ ಬೇಕು.

ಸೀಸನ್ ಕೆಲಸಗಳೂ ಇವೆ: ಮೈಸೂರು ದಸರಾ ವಸ್ತುಪ್ರದರ್ಶನದ ಮಳಿಗೆಗಳು, ಲಾಲ್‌ಬಾಗ್‌ನ ಆಗಸ್ಟ್ ಮತ್ತು ಜನವರಿಯ ಫಲಪುಷ್ಪ ಪ್ರದರ್ಶನ, ಬೆಂಗಳೂರು ಕೃಷಿ ವಿಶ್ವವಿದ್ಯಾಲಯದ ಜಿಕೆವಿಕೆ ಆವರಣದ ಕೃಷಿ ಮೇಳ. ಕೆಲಸ ಶುರುವಾಗುವ ಹದಿನೈದು ದಿನ ಮೊದಲು ಮಳಿಗೆಯವರನ್ನು ಹುಡುಕಬೇಕು. ಉದ್ಘಾಟನೆಯ ದಿನ ಹೋದರೆ ಟಿಕೆಟ್ ತೆಗೆದು ಒಳಗೆ ಹೋಗಬಹುದು ಅಷ್ಟೆ.

ಕನ್ನಡ ಟೈಪಿಂಗ್ ಮತ್ತು ಅನುವಾದ

ರೂಮಿನಲ್ಲಿ ಕುಳಿತೇ ಮಾಡಬಹುದಾದದ್ದು. ಧಾರವಾಡ, ಮಾನಸಗಂಗೋತ್ರಿ, ಹಂಪಿಯ ಕನ್ನಡ ವಿಶ್ವವಿದ್ಯಾಲಯದ ಸುತ್ತಿನ ಡಿಟಿಪಿ ಅಂಗಡಿಗಳಿಗೆ ಸಂಶೋಧನಾ ಪ್ರಬಂಧಗಳ ಕೆಲಸ ಬರುತ್ತದೆ. ಮೊಬೈಲ್‌ನಲ್ಲಿ ಇಂಗ್ಲಿಷ್ ಅಕ್ಷರ ಒತ್ತಿ ಕನ್ನಡ ಬರೆಯುವ ಅಭ್ಯಾಸ ಇಲ್ಲಿಗೆ ಸಾಲದು. ಕನ್ನಡ ಟೈಪಿಂಗ್ ತಂತ್ರಾಂಶವಾದ ‘ನುಡಿ’ಯ ಕೆಜಿಪಿ ಕೀಲಿಮಣೆ ಕಲಿಯಿರಿ. ದಿನಕ್ಕೆ ಮುಕ್ಕಾಲು ಗಂಟೆಯಂತೆ ಒಂದೂವರೆ ತಿಂಗಳು ಕುಳಿತರೆ ಕೈ ಕೂರುತ್ತದೆ. ಕೆಲಸ ಒಪ್ಪುವ ಮೊದಲು "ಯೂನಿಕೋಡ್ ಬೇಕೋ, ಹಳೆಯ ನುಡಿ ಫಾಂಟ್ ಬೇಕೋ" ಎಂದು ಕೇಳಿ. ಒಂದರಲ್ಲಿ ಹೊಡೆದು ಇನ್ನೊಂದಕ್ಕೆ ಬದಲಿಸಿದರೆ ಅರ್ಕಾವತ್ತು, ಒತ್ತಕ್ಷರ ಕೆಟ್ಟು 200 ಪುಟ ಮತ್ತೆ ತಿದ್ದಬೇಕಾಗುತ್ತದೆ, ಅದಕ್ಕೆ ಕೂಲಿಯಿಲ್ಲ.

ಅನುವಾದಕ್ಕೆ ಪದದ ಲೆಕ್ಕದಲ್ಲಿ ಹಣ. ಯಂತ್ರ ಮಾಡಿದ ಅನುವಾದ ತಿದ್ದಿಕೊಡಿ ಎಂದು ಅರ್ಧ ದರ ಹೇಳುವುದು ಈಗ ಹೆಚ್ಚು. ಮೊದಲ ಎರಡು ಪುಟಕ್ಕೆ ಗಡಿಯಾರ ಇಟ್ಟು ನೋಡಿ. ಕೆಟ್ಟ ಯಂತ್ರಾನುವಾದ ತಿದ್ದಲು ಹೊಸದಾಗಿ ಬರೆಯುವುದಕ್ಕಿಂತ ಹೆಚ್ಚು ಹೊತ್ತು ಹಿಡಿಯುತ್ತದೆ. ಉಚಿತ ಮಾದರಿ 250 ಪದ ಮೀರಬಾರದು. ಪಾವತಿಯಲ್ಲಿ ಶೇ 10 ತೆರಿಗೆ ಹಿಡಿದಿದ್ದರೆ ಗಾಬರಿ ಬೇಡ: ಪ್ಯಾನ್ ಕೊಟ್ಟಿರಿ, ವರ್ಷದ ಕೊನೆಗೆ ರಿಟರ್ನ್ ಸಲ್ಲಿಸಿದರೆ ನಿಮ್ಮ ಆದಾಯಕ್ಕೆ ಅದು ವಾಪಸ್ ಬರುತ್ತದೆ. ಪ್ಯಾನ್ ಕೊಡದಿದ್ದರೆ ಶೇ 20 ಹಿಡಿಯುತ್ತಾರೆ.

ಕಾಲಿಡಬಾರದ ಜಾಗಗಳು

ನೋಂದಣಿ ಶುಲ್ಕ, ಕಿಟ್ ಶುಲ್ಕ, ತರಬೇತಿ ಠೇವಣಿ ಎಂದು ಮೊದಲೇ ಹಣ ಕೇಳುವ ಡೇಟಾ ಎಂಟ್ರಿ "ಉದ್ಯೋಗ" ಬೇಡ. ಇದರ ಮುಂದಿನ ಅಂಕವೂ ಇದೆ: ವಾರದ ಬಳಿಕ "ತಪ್ಪುಗಳು ಹೆಚ್ಚಾಗಿವೆ, ಕರಾರು ಮುರಿದಿದ್ದೀರಿ, ದಂಡ ಕಟ್ಟಿ" ಎಂದು ವಕೀಲರ ಹೆಸರಿನ ನೋಟಿಸ್ ಬರುತ್ತದೆ. ಕಟ್ಟಬೇಡಿ. ಟೆಲಿಗ್ರಾಂನಲ್ಲಿ ವಿಡಿಯೊ ಲೈಕ್ ಮಾಡಿದರೆ ಮೊದಲು ನೂರಿನ್ನೂರು ನಿಜಕ್ಕೂ ಹಾಕುತ್ತಾರೆ. ಮೂರನೆಯ ದಿನ "ಪ್ರೀಪೇಯ್ಡ್ ಟಾಸ್ಕ್" ಬರುತ್ತದೆ, ಸೆಮಿಸ್ಟರ್ ಫೀಸು ಹೋಗುವುದು ಅಲ್ಲಿ.

ಎಲ್ಲಕ್ಕಿಂತ ಅಪಾಯಕಾರಿ ಖಾತೆ ಬಾಡಿಗೆ. "ನಿನ್ನ ಅಕೌಂಟ್‌ಗೆ ಹಣ ಬರುತ್ತೆ, ತೆಗೆದು ಕೊಡು, ಶೇ 5 ನಿನಗೆ" ಎಂದು ಸೀನಿಯರ್ ಒಬ್ಬ ಹೇಳಬಹುದು. ಅದು ಸೈಬರ್ ವಂಚನೆಯ ಹಣ. ಪೊಲೀಸರು ಮೊದಲು ಬರುವುದು ಖಾತೆಯ ಹೆಸರಿನವರ ಬಳಿ, ಖಾತೆ ಸ್ಥಗಿತವಾಗುತ್ತದೆ, ಅದರೊಳಗಿನ ವಿದ್ಯಾರ್ಥಿವೇತನವೂ ಸಿಕ್ಕಿಹಾಕಿಕೊಳ್ಳುತ್ತದೆ. ಹಣ ಕಳೆದುಕೊಂಡಿದ್ದರೆ ತಕ್ಷಣ 1930ಕ್ಕೆ ಕರೆ ಮಾಡಿ. ಹಣ ಮುಂದಿನ ಖಾತೆಗೆ ಜಾರುವ ಮೊದಲು ತಡೆಯುವ ಸಾಧ್ಯತೆ ಮೊದಲ ಕೆಲ ಗಂಟೆಗಳಲ್ಲೇ ಹೆಚ್ಚು.

ಮೂಲ ಅಂಕಪಟ್ಟಿಯನ್ನು ಯಾವ ಕೆಲಸಕ್ಕೂ ಒತ್ತೆ ಇಡಬೇಡಿ. ಪ್ರತಿ ಕೊಡುವಾಗ ಅದರ ಮೇಲೆ "ಇಂಥ ಅಂಗಡಿಯ ಕೆಲಸಕ್ಕಾಗಿ ಮಾತ್ರ" ಎಂದು ದಿನಾಂಕ ಹಾಕಿ ಅಡ್ಡಲಾಗಿ ಬರೆಯಿರಿ.

ಪರೀಕ್ಷೆಯ ತಿಂಗಳು

ಪ್ರತಿ ತಿಂಗಳ ಗಳಿಕೆಯ ಆರನೆಯ ಒಂದು ಭಾಗವನ್ನು ಕಾರ್ಡ್ ಇಲ್ಲದ ಬೇರೆ ಖಾತೆಗೆ ಹಾಕಿ. ಅಂಚೆ ಕಚೇರಿಯ ಉಳಿತಾಯ ಖಾತೆ ಇದಕ್ಕೆ ಚೆನ್ನ, ತೆಗೆಯಲು ಸಾಲಿನಲ್ಲಿ ನಿಲ್ಲಬೇಕು ಎಂಬುದೇ ಅದರ ಗುಣ. 7,632ರಲ್ಲಿ ಸುಮಾರು 1,270 ಪಕ್ಕಕ್ಕಿಟ್ಟರೆ ಐದು ತಿಂಗಳಿಗೆ 6,350, ಒಂದು ತಿಂಗಳ ಕೊರತೆ ಹತ್ತು ರೂಪಾಯಿ ವ್ಯತ್ಯಾಸದಲ್ಲಿ ತುಂಬಿತು.

ಇಂಟರ್ನಲ್ಸ್ ದಿನಾಂಕಗಳು ಸೆಮಿಸ್ಟರ್ ಆರಂಭದ ಕ್ಯಾಲೆಂಡರ್‌ನಲ್ಲೇ ಇರುತ್ತವೆ. ಅವನ್ನು ಕೆಲಸ ಕೊಟ್ಟವರಿಗೆ ಆಗಲೇ ಬರೆದು ಕಳಿಸಿ, ಹಿಂದಿನ ವಾರ ನೆನಪಿಸಿ. ಹಾಲ್ ಟಿಕೆಟ್ ಕೈಗೆ ಬಂದ ಮೇಲೆ ರಜೆ ಕೇಳುವವರನ್ನು ಯಾವ ಮ್ಯಾನೇಜರೂ ಮತ್ತೆ ಕರೆಯುವುದಿಲ್ಲ. ರಜೆಗೆ ಹೋಗುವ ಮೊದಲು ಅಲ್ಲಿಯವರೆಗಿನ ಕೂಲಿ ತೀರಿಸಿಕೊಳ್ಳಿ. ಕೆಲಸವನ್ನೇ ಬಿಡುವುದಾದರೆ ಯೂನಿಫಾರ್ಮ್ ಮತ್ತು ಐಡಿ ಕಾರ್ಡ್ ಹಿಂದಿರುಗಿಸಿದ್ದಕ್ಕೆ ಒಂದು ಸಾಲಿನ ರಸೀತಿ ಬರೆಸಿಕೊಳ್ಳಿ. ಕೊನೆಯ ವಾರದ ಸಂಬಳ ಹಿಡಿದಿಡಲು ಹೇಳುವ ನೆಪ ಹೆಚ್ಚಾಗಿ ಆ ಟೀ ಶರ್ಟೇ ಆಗಿರುತ್ತದೆ.